ಫ್ಲೈಟ್ ಸಿಮ್ಯುಲೇಟರಿನಲ್ಲಿ ಬೇಹುಗಾರಿಕೆ ಜೆಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸ ಹಿಡಿದವರು ಒಂದಲ್ಲ ಒಂದು ದಿನ ಅಮೆರಿಕದ ಬೇಹುಗಾರಿಕೆ ಜೆಟ್ ಎಸ್‌ಆರ್-71 ಬ್ಲ್ಯಾಕ್‌ಬರ್ಡ್‌ನ ಆಡ್‌ಆನ್ (ಸಿಮ್ಯುಲೇಟರಿಗೆ ಬೇರೆಯಾಗಿ ಸೇರಿಸಿಕೊಳ್ಳುವ ವಿಮಾನ) ಹುಡುಕಿಯೇ ಹುಡುಕುತ್ತಾರೆ. ಹಾಕಿಕೊಂಡು, ಎಂಜಿನ್ ಬಲ ಹೆಚ್ಚಿಸುವ ಥ್ರಾಟಲ್ ಪೂರ್ತಿ ಮುಂದೆ ತಳ್ಳಿ, ಸ್ವಲ್ಪ ಹೊತ್ತಿನಲ್ಲೇ ಇಂಧನ ಖಾಲಿ ಮಾಡಿಕೊಂಡು, "ಇದರಲ್ಲಿ ಏನೋ ಸರಿ ಇಲ್ಲ" ಎಂದು ಕೈಬಿಡುತ್ತಾರೆ. ಬಹಳ ಸಲ ಆಡ್‌ಆನ್ ಸರಿಯಾಗಿಯೇ ಇರುತ್ತದೆ, ಹಾರಿಸುವ ಕ್ರಮ ಗೊತ್ತಿರುವುದಿಲ್ಲ. ಹೊಸಬರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನ ಮಾತು ಎಸ್‌ಆರ್-71 ಬಗ್ಗೆಯೇ ಇದೆ, ಏಕೆಂದರೆ ಹೆಚ್ಚಿನ ಪ್ರಶ್ನೆಗಳೂ ಅದರ ಬಗ್ಗೆಯೇ.

ಯುದ್ಧವಿಮಾನಗಳ ಆಡ್‌ಆನ್ ಇಷ್ಟೊಂದಿರುವಾಗ ಬೇಹುಗಾರಿಕೆ ಜೆಟ್ ಯಾಕೆ ಹಾರಿಸಬೇಕು?

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಂಥ ನಾಗರಿಕ ಸಿಮ್ಯುಲೇಟರಿನಲ್ಲಿ ಯುದ್ಧವಿಮಾನ ಅರ್ಧ ವಿಮಾನವಾಗುತ್ತದೆ. ಅಲ್ಲಿ ಆಯುಧ ಕೆಲಸ ಮಾಡುವುದಿಲ್ಲ, ಎದುರಾಳಿಯಿಲ್ಲ. ರೆಕ್ಕೆಯಡಿ ತೂಗುವ ಕ್ಷಿಪಣಿ ಬರೀ ಅಲಂಕಾರ. ಎಸ್‌ಆರ್-71 ಆಗಲಿ, ಅಮೆರಿಕದ್ದೇ ಇನ್ನೊಂದು ಬೇಹುಗಾರಿಕೆ ಜೆಟ್ ಯು-2 ಆಗಲಿ ಆಯುಧವನ್ನೇ ಹೊತ್ತವಲ್ಲ. ಹೋಗುವುದು, ಚಿತ್ರ ತೆಗೆಯುವುದು, ವಾಪಸ್ ಬರುವುದು ಇಷ್ಟೇ ಅವುಗಳ ಕೆಲಸ. ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮನೆಯಲ್ಲೇ ಮಾಡಬಹುದು. ದಾರಿ ಗುರುತಿಸುವುದು, ಇಂಧನದ ಲೆಕ್ಕ, ಏರಿಕೆ, ಗುರಿಯ ಮೇಲೆ ಒಂದೇ ರೇಖೆ ಹಿಡಿದು ಹೋಗುವುದು, ಇಳಿಯುವುದು, ಯಾವುದನ್ನೂ ಬಿಡಬೇಕಾಗಿಲ್ಲ. ನನ್ನ ಮಟ್ಟಿಗೆ ನಾಗರಿಕ ಸಿಮ್ಯುಲೇಟರಿಗೆ ಇದಕ್ಕಿಂತ ಹೊಂದುವ ಮಿಲಿಟರಿ ವಿಮಾನ ಬೇರೆ ಇಲ್ಲ.

ಯಾವ ಸಿಮ್ಯುಲೇಟರ್ ತೆಗೆದುಕೊಳ್ಳಲಿ?

ನಿಮ್ಮ ಹತ್ತಿರ ಇರುವುದರಿಂದಲೇ ಶುರು ಮಾಡಿ. ನೆಲದ ಚಿತ್ರಣ ಮುಖ್ಯವಾದರೆ 2020ರ ಅಥವಾ 2024ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಮೇಲಿನಿಂದ ಕೆಳಗೆ ನೋಡುವುದೇ ಕೆಲಸವಾದ ವಿಮಾನಕ್ಕೆ ಉಪಗ್ರಹ ಚಿತ್ರಗಳಿಂದ ಕಟ್ಟಿದ ನೆಲ ಇರುವುದು ದೊಡ್ಡ ಅನುಕೂಲ.

ಎಕ್ಸ್-ಪ್ಲೇನ್ ಬೇರೆ ದಾರಿ ಹಿಡಿಯುತ್ತದೆ. ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಒಂದೊಂದರ ಮೇಲೂ ಬೀಳುವ ಬಲವನ್ನು ಲೆಕ್ಕ ಹಾಕುತ್ತದೆ. ಶಬ್ದದ ವೇಗ ದಾಟಿದ ಮೇಲೆ ರೆಕ್ಕೆಯ ಅಡ್ಡಕೊಯ್ತವನ್ನು ವಜ್ರದಾಕಾರ ಎಂದು ಭಾವಿಸಿ ಲೆಕ್ಕ ಮುಂದುವರಿಸುತ್ತದೆ. ಎಕ್ಸ್-ಪ್ಲೇನ್‌ನ ಹಳೆಯ ಆವೃತ್ತಿಗಳಲ್ಲಿ ಎಸ್‌ಆರ್-71 ಜೊತೆಯಲ್ಲೇ ಬರುತ್ತಿತ್ತು.

ಮೈಕ್ರೋಸಾಫ್ಟ್ ಸಿಮ್ಯುಲೇಟರಿನ 2006ರ ಆವೃತ್ತಿ ಎಫ್‌ಎಸ್‌ಎಕ್ಸ್ ಈಗಲೂ ಹಲವರ ಬಳಿ ಇದೆ. ಹಳೆಯ ಕಂಪ್ಯೂಟರಿಗೆ ಅದು ಸಾಕು. ಎಫ್‌ಎಸ್‌ಎಕ್ಸ್‌ನ ಮೂಲದಿಂದ ಬೆಳೆದ ಪ್ರಿಪೇರ್‌3ಡಿ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯದು. ಯು-2 ಮತ್ತು ಎಸ್‌ಆರ್-71 ಕಟ್ಟಿದ ಲಾಕ್‌ಹೀಡ್ ಇಂದು ಆ ಸಂಸ್ಥೆಯ ಭಾಗ ಎನ್ನುವುದು ನನಗೆ ಇಷ್ಟವಾದ ಸಂಗತಿ. ದುಡ್ಡು ಹಾಕಲು ಆಗದ ವಿದ್ಯಾರ್ಥಿಗಳಿಗೆ ಫ್ಲೈಟ್‌ಗಿಯರ್ ಇದೆ. ಪೂರ್ತಿ ಉಚಿತ, ಮೂಲ ಸಂಕೇತವೂ ಎಲ್ಲರಿಗೆ ತೆರೆದಿದೆ, ಸ್ವಯಂಸೇವಕರು ಮಾಡಿದ ಬ್ಲ್ಯಾಕ್‌ಬರ್ಡ್ ಕೂಡ ಅದಕ್ಕೆ ಸಿಗುತ್ತದೆ.

ಒಂದು ಸಿಮ್ಯುಲೇಟರಿನ ಆಡ್‌ಆನ್ ಇನ್ನೊಂದರಲ್ಲಿ ನಡೆಯುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಎಫ್‌ಎಸ್‌ಎಕ್ಸ್‌ನ ಕೆಲವು ವಿಮಾನಗಳನ್ನು ಪ್ರಿಪೇರ್‌3ಡಿಗೆ ಒಯ್ಯಬಹುದು. ಬೇರೆಯವರ ವಿಮಾನವನ್ನು ಕೇಳದೆ ಹೊಸ ಸಿಮ್ಯುಲೇಟರಿಗೆ ಒಗ್ಗಿಸಿ ಹಂಚಿದ ಫೈಲುಗಳೂ ಓಡಾಡುತ್ತಿವೆ. ಅವನ್ನು ಮುಟ್ಟಬೇಡಿ. ಮೂಲ ಮಾಡಿದವರಿಗೆ ಅನ್ಯಾಯ, ಹಾರಾಟವೂ ಕೆಟ್ಟಿರುತ್ತದೆ.

ಹಾಕಿಕೊಳ್ಳುವುದು ಹೇಗೆ?

ಮೈಕ್ರೋಸಾಫ್ಟಿನ ಹೊಸ ಆವೃತ್ತಿಗಳಲ್ಲಿ ಜಿಪ್ ಬಿಚ್ಚಿ, ಒಳಗಿನ ಫೋಲ್ಡರನ್ನು ಕಮ್ಯುನಿಟಿ ಫೋಲ್ಡರಿಗೆ ಹಾಕಿದರೆ ಆಯಿತು. ಎಕ್ಸ್-ಪ್ಲೇನ್‌ನಲ್ಲಿ ಏರ್‌ಕ್ರಾಫ್ಟ್ ಫೋಲ್ಡರ್. ಎಫ್‌ಎಸ್‌ಎಕ್ಸ್‌ನಲ್ಲಿ ಸಿಮ್‌ಆಬ್ಜೆಕ್ಟ್ಸ್ ಒಳಗಿನ ಏರ್‌ಪ್ಲೇನ್ಸ್. ಅಲ್ಲಿ ಕಾಕ್‌ಪಿಟ್ ತೆರೆದಾಗ ಮೀಟರುಗಳ ಜಾಗ ಖಾಲಿ ಕಂಡರೆ ಗೇಜಸ್ ಫೋಲ್ಡರಿಗೆ ಹೋಗಬೇಕಾದ ಫೈಲು ಹೋಗಿಲ್ಲ ಎಂದರ್ಥ. ಗುರುತಿಲ್ಲದ ತಾಣದಿಂದ ಬಂದ ವಿಮಾನದ ಜೊತೆ ತಾನೇ ಓಡುವ ಇನ್‌ಸ್ಟಾಲರ್ ಇದ್ದರೆ ವೈರಸ್ ಪರೀಕ್ಷೆ ಮಾಡದೆ ಒತ್ತಬೇಡಿ.

ಒಳ್ಳೆಯ ಎಸ್‌ಆರ್-71 ಆಡ್‌ಆನ್ ಎಂದು ಗುರುತಿಸುವುದು ಹೇಗೆ?

ಹೊರಗಿನ ಚೆಂದಕ್ಕೆ ಮರುಳಾಗಬೇಡಿ. ಕಪ್ಪು ಬಣ್ಣ, ಚೂಪು ಮೂಗು, ಎರಡು ದೊಡ್ಡ ಎಂಜಿನ್ ಗೂಡು ಯಾರಾದರೂ ಮಾಡಿಯಾರು. ನಾನು ಮೊದಲು ನೋಡುವುದು ಎಂಜಿನ್ ಬಾಯಲ್ಲಿರುವ ಮೊನೆಗಳನ್ನು. ಸ್ಪೈಕ್ ಎನ್ನುವ ಈ ಶಂಕುಗಳು ನಿಜವಾದ ವಿಮಾನದಲ್ಲಿ ಮ್ಯಾಕ್ 1.6ರ (ಶಬ್ದದ ವೇಗದ 1.6 ಪಟ್ಟು) ನಂತರ ಹಿಂದಕ್ಕೆ ಸರಿಯತೊಡಗುತ್ತವೆ. ಪೂರ್ತಿ ವೇಗದಲ್ಲಿ ಸುಮಾರು 26 ಇಂಚು ಒಳಗೆ ಹೋಗಿರುತ್ತವೆ. ಶಬ್ದಕ್ಕಿಂತ ವೇಗವಾಗಿ ಹಾರುವಾಗ ಏಳುವ ಗಾಳಿಯ ಆಘಾತ ತರಂಗವನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು ಇವುಗಳ ಕೆಲಸ. ಪ್ರ್ಯಾಟ್ ಅಂಡ್ ವಿಟ್ನಿಯ ಜೆ-58 ಎಂಜಿನ್ ಒಂದರಿಂದಲೇ ಆ ವೇಗ ಬರುವುದಿಲ್ಲ. ಮ್ಯಾಕ್ 3ರ ಮೇಲೆ ನೂಕುವ ಬಲದ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿ ಒಳಬರುವ ಈ ಬಾಯಿಯದೇ. ಆಡ್‌ಆನ್‌ನಲ್ಲಿ ಸ್ಪೈಕ್ ಅಲುಗಾಡದಿದ್ದರೆ, ಅಥವಾ ಅಲುಗಾಡಿಯೂ ಹಾರಾಟದಲ್ಲಿ ಯಾವ ವ್ಯತ್ಯಾಸವೂ ಆಗದಿದ್ದರೆ, ನೀವು ಹಾರಿಸುತ್ತಿರುವುದು ಬ್ಲ್ಯಾಕ್‌ಬರ್ಡ್ ವೇಷ ತೊಟ್ಟ ಯಾವುದೋ ಜೆಟ್.

ಎರಡನೆಯದು ತಾಪ. ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರಿಗೆ ಒಳಬರುವ ಗಾಳಿಯ ತಾಪ ತೋರಿಸುವ ಮೀಟರ್ ಇರಬೇಕು, ವೇಗದ ಜೊತೆ ಅದು ಏರಬೇಕು. ಅದರ ಮಿತಿ 427 ಡಿಗ್ರಿ ಸೆಲ್ಸಿಯಸ್. ಬ್ಲ್ಯಾಕ್‌ಬರ್ಡ್ ಇಷ್ಟೇ ವೇಗ ಹೋಗಬಲ್ಲದು ಎಂದು ಗೆರೆ ಎಳೆದದ್ದರಲ್ಲಿ ಈ ತಾಪದ್ದು ದೊಡ್ಡ ಪಾತ್ರ. ಮೂರನೆಯದು ತೂಕದ ಸಮತೋಲ. ಶಬ್ದದ ವೇಗ ದಾಟಿದಾಗ ಎತ್ತುವ ಬಲದ ಕೇಂದ್ರ ಹಿಂದೆ ಸರಿಯುತ್ತದೆ. ಅದಕ್ಕೆ ತಕ್ಕಂತೆ ಇಂಧನವನ್ನೂ ಟ್ಯಾಂಕಿನಿಂದ ಟ್ಯಾಂಕಿಗೆ ಹಿಂದಕ್ಕೆ ಕಳಿಸಬೇಕು. ಒಳ್ಳೆಯ ಆಡ್‌ಆನ್ ಇದನ್ನು ನಿಮ್ಮ ಕೈಯಿಂದ ಮಾಡಿಸುತ್ತದೆ, ಮರೆತರೆ ಮೂಗು ಭಾರವಾಗುತ್ತದೆ.

ಕೊನೆಗೆ ಎಂಜಿನ್ ಶುರು ಮಾಡುವುದು. ಜೆಪಿ-7 ಎನ್ನುವ ಇಂಧನ ಸುಲಭವಾಗಿ ಹೊತ್ತಿಕೊಳ್ಳುವಂಥದ್ದಲ್ಲ. ಗಾಳಿ ಸೋಕಿದರೆ ತಾನೇ ಉರಿಯುವ ಟ್ರೈಈಥೈಲ್‌ಬೋರೇನ್ ಎಂಬ ರಾಸಾಯನಿಕವನ್ನು ಚಿಮ್ಮಿಸಿ ಅದನ್ನು ಹೊತ್ತಿಸುತ್ತಿದ್ದರು. ಆಗ ಹಸಿರು ಜ್ವಾಲೆ ಮಿಂಚುತ್ತದೆ. ಒಂದು ಎಂಜಿನ್ನಿಗೆ ಸುಮಾರು 16 ಸಲಕ್ಕಾಗುವಷ್ಟು ಮಾತ್ರ ಅದನ್ನು ತುಂಬಿಸುತ್ತಿದ್ದರು. ಕಾಕ್‌ಪಿಟ್‌ನಲ್ಲಿ ಆ ಎಣಿಕೆ ಒಂದೊಂದಾಗಿ ಇಳಿಯುವ ಆಡ್‌ಆನ್ ಕಂಡರೆ, ಮಾಡಿದವರು ವಿಮಾನವನ್ನು ಓದಿಕೊಂಡಿದ್ದಾರೆ ಎಂದು ಧೈರ್ಯವಾಗಿ ಕೊಳ್ಳಬಹುದು.

ಎಷ್ಟೇ ತಳ್ಳಿದರೂ ಮ್ಯಾಕ್ 1 ದಾಟಲು ಒದ್ದಾಡುತ್ತದೆ. ಆಡ್‌ಆನ್ ಕೆಟ್ಟಿದೆಯೇ?

ಇಲ್ಲ. ನಿಜವಾದ ವಿಮಾನವೂ ಅಲ್ಲಿ ಒದ್ದಾಡುತ್ತಿತ್ತು. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಜೋರು, ಭಾರವಾದ ವಿಮಾನ ಅಲ್ಲೇ ನಿಂತು ಇಂಧನ ಕುಡಿಯುತ್ತದೆ. ಪೈಲಟ್‌ಗಳು ಕಂಡುಕೊಂಡ ಉಪಾಯ ಹೀಗಿದೆ: ಮ್ಯಾಕ್ 0.9ರಲ್ಲಿ ಸುಮಾರು 33,000 ಅಡಿಗೆ ಏರಿ, ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಭಾಗದಲ್ಲಿ ಹೆಚ್ಚು ಇಂಧನ ಉರಿಸಿ ಬಲ ಕೊಡುವ ಭಾಗ) ಪೂರ್ತಿ ಹಚ್ಚಿ, ಮೂಗನ್ನು ಸ್ವಲ್ಪ ಕೆಳಗೆ ಮಾಡಿ ನಿಮಿಷಕ್ಕೆ 2,500ರಿಂದ 3,000 ಅಡಿಯಂತೆ ಇಳಿಯುವುದು. ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ. ಮ್ಯಾಕ್ 1 ಸಲೀಸಾಗಿ ಹಿಂದೆ ಬೀಳುತ್ತದೆ. 450 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ಸಮಾನ ವೇಗ (ಅದೇನೆಂದು ಮುಂದಿನ ಪ್ರಶ್ನೆಯಲ್ಲಿದೆ) ಬರುತ್ತಿದ್ದಂತೆ ಮೆತ್ತಗೆ ಮೂಗೆತ್ತಿ, ಅದೇ 450 ಹಿಡಿದುಕೊಂಡು ಏರಿ. ಮೂಗನ್ನು ಒಮ್ಮೆಲೇ ಎತ್ತಿದರೆ ಗಳಿಸಿದ್ದೆಲ್ಲ ಹೋಗುತ್ತದೆ. ಮ್ಯಾಕ್ 2.6ರ ಸುಮಾರಿಗೆ ಆ 450ನ್ನೂ ನಿಧಾನವಾಗಿ ಇಳಿಸುತ್ತ ಹೋಗಬೇಕು.

ಈ ಏರಿಕೆಗೆ ತಾಳ್ಮೆ ಬೇಕು. ಸಿಮ್ಯುಲೇಟರಿನ ಸಮಯವನ್ನು ನಾಲ್ಕು ಪಟ್ಟು ಓಡಿಸುವ ಆಸೆ ಆಗುತ್ತದೆ. ದಯವಿಟ್ಟು ಇಲ್ಲಿ ಬೇಡ, ಈ ವೇಗಗಳಲ್ಲಿ ಆಟೋಪೈಲಟ್ ತಪ್ಪುತ್ತದೆ.

ಮೀಟರಿನಲ್ಲಿ 350 ನಾಟ್, ಪಕ್ಕದಲ್ಲೇ ಮ್ಯಾಕ್ 3.2. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಇದು ಅರ್ಥವಾದರೆ ಬ್ಲ್ಯಾಕ್‌ಬರ್ಡ್ ಅರ್ಧ ಕೈಗೆ ಬಂದ ಹಾಗೆ. 80,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇಕಡಾ 4ಕ್ಕಿಂತ ಕಡಿಮೆ. ವಿಮಾನ ಗಂಟೆಗೆ 3,400 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೂ ರೆಕ್ಕೆಗೆ ತಾಗುವ ಗಾಳಿಯ ಒತ್ತಡ, ಸಮುದ್ರ ಮಟ್ಟದಲ್ಲಿ 350 ನಾಟ್‌ನಲ್ಲಿ ಹಾರಿದಾಗ ತಾಗುವಷ್ಟೇ. ರೆಕ್ಕೆಗೆ ಗೊತ್ತಾಗುವುದು ಈ 350 ಮಾತ್ರ. ಇದನ್ನೇ ಸಮಾನ ವಾಯುವೇಗ ಎನ್ನುತ್ತಾರೆ. ಮ್ಯಾಕ್, ಎತ್ತರ, ಸಮಾನ ವೇಗ ಮೂರನ್ನೂ ಒಂದೇ ಕಡೆ ತೋರಿಸುವ ಮೀಟರ್ ಎಸ್‌ಆರ್-71ರಲ್ಲಿತ್ತು. ಏರುವಾಗ ಕಣ್ಣು ಅಲ್ಲೇ ಇರಲಿ.

ಯು-2ರಲ್ಲಿ ಇದೇ ಲೆಕ್ಕ ಇನ್ನೊಂದು ರೀತಿ ಕಾಡುತ್ತದೆ. 70,000 ಅಡಿಯಲ್ಲಿ ವೇಗ ಸ್ವಲ್ಪ ಇಳಿದರೆ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು), ಸ್ವಲ್ಪ ಏರಿದರೆ ವಿಮಾನ ಅದುರತೊಡಗುತ್ತದೆ. ಹಳೆಯ ಮಾದರಿಗಳಲ್ಲಿ ಈ ಎರಡರ ನಡುವೆ ಹತ್ತು ನಾಟ್‌ನಷ್ಟೇ ಜಾಗವಿತ್ತು.

ಅನ್‌ಸ್ಟಾರ್ಟ್ ಅಂದರೇನು? ವಿಮಾನ ಒಮ್ಮೆಲೇ ಪಕ್ಕಕ್ಕೆ ಎಳೆದುಕೊಂಡು ಹೋಯಿತು.

ಎಂಜಿನ್ ಬಾಯಲ್ಲಿ ಹಿಡಿದಿಟ್ಟ ಆಘಾತ ತರಂಗ ಜಾಗ ತಪ್ಪಿ ಹೊರಕ್ಕೆ ಚಿಮ್ಮಿದರೆ ಆ ಬದಿಯ ಬಲ ಕ್ಷಣದಲ್ಲಿ ಬಿದ್ದುಹೋಗುತ್ತದೆ. ಇನ್ನೊಂದು ಬದಿ ನೂಕುತ್ತಲೇ ಇರುತ್ತದೆ. ಪೈಲಟ್‌ಗಳ ತಲೆ ಕಾಕ್‌ಪಿಟ್ ಗಾಜಿಗೆ ಬಡಿಯುವಷ್ಟು ಜೋರಾಗಿ ವಿಮಾನ ತಿರುಚಿಕೊಳ್ಳುತ್ತಿತ್ತು. 1966ರ ಜನವರಿ 25ರಂದು ಬಿಲ್ ವೀವರ್ ಮತ್ತು ಜಿಮ್ ಜ್ವೇಯರ್ ಪರೀಕ್ಷಾ ಹಾರಾಟದಲ್ಲಿದ್ದಾಗ, ಮ್ಯಾಕ್ 3.18ರಲ್ಲಿ, ತಿರುವಿನ ನಡುವೆ ಬಲಬದಿಯಲ್ಲಿ ಹೀಗಾಯಿತು. ವಿಮಾನ ಅವರ ಸುತ್ತಲೇ ಒಡೆದು ಚೂರಾಯಿತು. ವೀವರ್ ಬದುಕಿದರು. ಜ್ವೇಯರ್ ಬದುಕಲಿಲ್ಲ. ಕಟ್ಟಿದ 32 ಎಸ್‌ಆರ್-71ಗಳಲ್ಲಿ 12 ಅಪಘಾತಗಳಲ್ಲಿ ನಾಶವಾದವು, ಶತ್ರುವಿನ ಗುಂಡಿಗೆ ಒಂದೂ ಬೀಳಲಿಲ್ಲ.

ಹಾಗಾಗಿ ಆಡ್‌ಆನ್‌ನಲ್ಲಿ ಅನ್‌ಸ್ಟಾರ್ಟ್ ಬಂದರೆ ಅದನ್ನು ದೋಷ ಎನ್ನಬೇಡಿ, ಸೆಟ್ಟಿಂಗ್‌ನಲ್ಲಿ ಆರಿಸಲೂ ಬೇಡಿ. ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನಿಂದ ನೇರ ಹಿಡಿಯಿರಿ, ಮೂಗನ್ನು ಎತ್ತಲು ಬಿಡಬೇಡಿ, ಸ್ಪೈಕ್ ಮುಂದಕ್ಕೆ ಹೋಗಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುವವರೆಗೆ ಕಾಯಿರಿ.

ತಿರುಗಿಸಿದರೆ ಗುರಿ ತಪ್ಪಿ ಎಲ್ಲೋ ಹೋಗುತ್ತದೆ.

ಹೋಗಲೇಬೇಕು. ಮ್ಯಾಕ್ 3.2ರಲ್ಲಿ 35 ಡಿಗ್ರಿ ವಾಲಿಸಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 130 ಕಿ.ಮೀ. ಬೆಂಗಳೂರಿನ ಮೇಲೆ ಯು-ತಿರುವು ಶುರು ಮಾಡಿದರೆ, ಎದುರು ದಿಕ್ಕಿಗೆ ಮುಖ ಆಗುವ ಹೊತ್ತಿಗೆ ನೀವು 260 ಕಿ.ಮೀ. ಆಚೆ ಇರುತ್ತೀರಿ. ಅಂದರೆ ಹೆಚ್ಚುಕಡಿಮೆ ಚೆನ್ನೈನಷ್ಟು ದೂರ. ಅದಕ್ಕೇ ಏಳು ನಿಮಿಷ ಬೇಕು. ನೇರ ಹೋದರೆ ಬೆಂಗಳೂರು–ಮೈಸೂರು ಎರಡೂಕಾಲು ನಿಮಿಷ. ದಾರಿಯನ್ನು ಮೊದಲೇ ಕಾಗದದ ಮೇಲೆ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಗುರಿ ಕಂಡ ಮೇಲೆ ತಿರುಗಿಸುತ್ತೇನೆ ಎಂದರೆ ಆಗುವುದಿಲ್ಲ.

ಇಂಧನ ಇಷ್ಟು ಬೇಗ ಮುಗಿಯುವುದು ಸರಿಯೇ? ಹಾರುತ್ತಿದ್ದಂತೆಯೇ ಟ್ಯಾಂಕರ್ (ಆಕಾಶದಲ್ಲೇ ಇಂಧನ ತುಂಬಿಸುವ ವಿಮಾನ) ಹತ್ತಿರ ಹೋಗುತ್ತಿದ್ದರಂತಲ್ಲ?

ಸರಿ. ಟ್ಯಾಂಕ್ ತುಂಬಿದರೆ 36 ಟನ್ ಹಿಡಿಯುತ್ತದೆ, ವೇಗದಲ್ಲಿ ಗಂಟೆಗೆ 16ರಿಂದ 20 ಟನ್ ಹೋಗುತ್ತದೆ.

ಟ್ಯಾಂಕರಿನ ವಿಷಯದಲ್ಲಿ ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತದೆ: ನೆಲದ ಮೇಲೆ ಇಂಧನ ಸೋರುತ್ತಿತ್ತು, ಆದ್ದರಿಂದ ಹಾರಿದ ಕೂಡಲೇ ತುಂಬಿಸಬೇಕಿತ್ತು ಎಂದು. ಸೋರುತ್ತಿದ್ದದ್ದು ನಿಜ. ತಾಪಕ್ಕೆ ಮೈ ಹಿಗ್ಗಿ ಕುಗ್ಗುವುದರಿಂದ ಟ್ಯಾಂಕಿನ ಸಂದುಗಳು ನೆಲದ ಮೇಲೆ ಪೂರ್ತಿ ಮುಚ್ಚಿರುತ್ತಿರಲಿಲ್ಲ. ಮುಖ್ಯ ಕಾರಣ ಅದಲ್ಲ. ಹಗುರವಾಗಿ ಹಾರಿದರೆ ಟೈರು, ಬ್ರೇಕಿನ ಮೇಲೆ ಭಾರ ಕಡಿಮೆ, ಒಂದು ಎಂಜಿನ್ ನಿಂತರೂ ವಿಮಾನ ಉಳಿಯುತ್ತದೆ. ಆಮೇಲೆ ಆಕಾಶದಲ್ಲಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದಾಗ ಒಳಗಿನ ಗಾಳಿಯೆಲ್ಲ ಹೊರಹೋಗುತ್ತದೆ. ಇಂಧನ ಖಾಲಿಯಾದಂತೆ ಆ ಜಾಗಕ್ಕೆ ನೈಟ್ರೋಜನ್ ತುಂಬಿಕೊಳ್ಳುತ್ತದೆ, ಬೆಂಕಿಯ ಭಯ ಇರುವುದಿಲ್ಲ.

ಸಿಮ್ಯುಲೇಟರಿನಲ್ಲಿ ಟ್ಯಾಂಕರ್ ಇಲ್ಲದಿದ್ದರೆ ನಾನು ಹೀಗೆ ಮಾಡುತ್ತೇನೆ: ಅರ್ಧ ಟ್ಯಾಂಕಿನಲ್ಲಿ ಹಾರಿ, 25,000 ಅಡಿಯ ಸುಮಾರಿಗೆ ವೇಗ ಇಳಿಸಿ, ಹದಿನೈದು ನಿಮಿಷ ಎತ್ತರ, ದಿಕ್ಕು, ವೇಗ ಮೂರೂ ಅಲುಗದಂತೆ ಕೈಯಲ್ಲೇ ಹಿಡಿಯುತ್ತೇನೆ. ಹಿಡಿಯಲು ಆದರೆ ಮಾತ್ರ ಮೆನುವಿನಿಂದ ಟ್ಯಾಂಕ್ ತುಂಬಿಸಿಕೊಳ್ಳುವುದು.

ಕೆಳಗಿನ ನೆಲ ಮಬ್ಬಾಗಿ ಕಾಣುತ್ತದೆ.

ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದಾಟುತ್ತಿದ್ದೀರಿ. ಅಷ್ಟು ಬೇಗ ನೆಲದ ಚಿತ್ರ ತಂದು ಹಾಸಲು ಕಂಪ್ಯೂಟರಿಗೂ ಇಂಟರ್ನೆಟ್‌ಗೂ ಕಷ್ಟ. ಮರ, ಕಟ್ಟಡ, ರಸ್ತೆಯ ವಾಹನಗಳನ್ನು ಕಡಿಮೆ ಮಾಡಿ. 80,000 ಅಡಿಯಿಂದ ಅವು ಹೇಗೂ ಕಾಣುವುದಿಲ್ಲ. ನೀವು ಹೋಗುವ ದಾರಿಯ ನೆಲದ ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಸೌಲಭ್ಯವಿದ್ದರೆ ಬಳಸಿ.

ಚಿತ್ರ ತೆಗೆಯುವುದು ಹೇಗೆ?

ಹೆಚ್ಚಿನ ಆಡ್‌ಆನ್‌ಗಳಲ್ಲಿ ಕ್ಯಾಮೆರಾ ಇರುವುದಿಲ್ಲ, ಅದು ದೊಡ್ಡ ಕೊರತೆ. ನೇರ ಕೆಳಗೆ ನೋಡುವ ಒಂದು ಹೊರನೋಟವನ್ನು ಸಿದ್ಧಮಾಡಿ, ಅದನ್ನೊಂದು ಬಟನ್ನಿಗೆ ಕೊಟ್ಟು, ಗುರಿಯ ಮೇಲೆ ಬಂದಾಗ ಸ್ಕ್ರೀನ್‌ಶಾಟ್ ತೆಗೆಯಿರಿ. ಇಳಿದ ಮೇಲೆ ಆ ಚಿತ್ರವನ್ನು ನಕ್ಷೆಯ ಪಕ್ಕ ಇಟ್ಟು ಎಷ್ಟು ದೂರ ತಪ್ಪಿದಿರಿ ಅಳೆಯಿರಿ. ನನ್ನ ಮೊದಲ ಪ್ರಯತ್ನಗಳಲ್ಲಿ ಗುರಿ ಚಿತ್ರದೊಳಗೇ ಇರುತ್ತಿರಲಿಲ್ಲ. ಈಗ ನಡುಮಧ್ಯೆ ಬಂದಾಗ ಆಗುವ ಸಂತೋಷಕ್ಕೆ ಸಮ ಇಲ್ಲ.

ಒಬ್ಬನೇ ಹಾರಿಸಬಹುದೇ?

ಎಸ್‌ಆರ್-71ರಲ್ಲಿ ಹಿಂದಿನ ಸೀಟಿನ ಅಧಿಕಾರಿ ದಾರಿ, ಕ್ಯಾಮೆರಾ, ರಾಡಾರ್ ನೋಡಿಕೊಳ್ಳುತ್ತಿದ್ದರು. ಹಗಲಲ್ಲೂ ನಕ್ಷತ್ರಗಳನ್ನು ಹಿಡಿದು ದಾರಿ ಹೇಳುವ ಯಂತ್ರ ಅವರ ಸುಪರ್ದಿಯಲ್ಲಿತ್ತು. ಒಬ್ಬರೇ ಇದ್ದಾಗ ಗುರಿಗೆ ಹತ್ತು ನಿಮಿಷ ಮೊದಲೇ ಆಟೋಪೈಲಟ್‌ಗೆ ಒಪ್ಪಿಸಿ. ತಮ್ಮನನ್ನೋ ಗೆಳತಿಯನ್ನೋ ಪಕ್ಕದಲ್ಲಿ ನಕ್ಷೆ ಹಿಡಿದು ಕೂರಿಸಿಕೊಂಡರೆ ಇನ್ನೂ ಚೆನ್ನ.

ಯಾವ ಜಾಯ್‌ಸ್ಟಿಕ್ ಬೇಕು?

ಹಿಡಿ ತಿರುಚಿದರೆ ರಡ್ಡರ್ ಆಗುವ ಯಾವುದೇ ಸಾಧಾರಣ ಸ್ಟಿಕ್ ಸಾಕು. ಎರಡು ಎಂಜಿನ್ನಿಗೆ ಬೇರೆ ಬೇರೆ ಥ್ರಾಟಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಭಾರತದ ಬೇಹುಗಾರಿಕೆ ಜೆಟ್‌ಗಳನ್ನು ಹಾರಿಸಬಹುದೇ?

ಖಂಡಿತ. ಭಾರತೀಯ ವಾಯುಪಡೆಯ ಮಿಗ್-25 ಬೇಹುಗಾರಿಕೆ ವಿಮಾನಗಳು 102ನೇ ಸ್ಕ್ವಾಡ್ರನ್‌ನಲ್ಲಿ, ಬರೇಲಿಯಿಂದ, 1981ರಿಂದ 2006ರವರೆಗೆ ಹಾರಿದವು. ಅವಕ್ಕೆ ನಮ್ಮವರಿಟ್ಟ ಹೆಸರು ಗರುಡ. ಮಿಗ್-25 ಎಂದರೆ ಎಲ್ಲರಿಗೂ ನೆನಪಾಗುವುದು ಅದರ ಯುದ್ಧವಿಮಾನದ ರೂಪ. ಆದರೆ ಮೊದಲು ಆಕಾಶಕ್ಕೇರಿದ್ದು ಬೇಹುಗಾರಿಕೆಯ ಮಾದರಿಯೇ, 1964ರ ಮಾರ್ಚ್ 6ರಂದು. ಬ್ಲ್ಯಾಕ್‌ಬರ್ಡ್ ಟೈಟಾನಿಯಂನದು, ಇದು ಹೆಚ್ಚಾಗಿ ನಿಕ್ಕಲ್ ಉಕ್ಕಿನದು. ವೇಗದ ಮಿತಿ ಮ್ಯಾಕ್ 2.83. ಆಡ್‌ಆನ್‌ನಲ್ಲಿ ಅದಕ್ಕಿಂತ ಮೇಲೆ ಹೋದರೂ ಎಂಜಿನ್ನಿಗೆ ಏನೂ ಆಗದಿದ್ದರೆ ಅದನ್ನು ನಂಬಬೇಡಿ. ಡಿಸಿಎಸ್ ಎಂಬ ಯುದ್ಧವಿಮಾನಗಳ ಸಿಮ್ಯುಲೇಟರಿನಲ್ಲಿ ಮಿಗ್-25ರ ಬೇಹುಗಾರಿಕೆ ಮಾದರಿ ಕಂಪ್ಯೂಟರ್ ಹಾರಿಸುವ ವಿಮಾನವಾಗಿ ಇದೆ, ಅದರ ಕಾಕ್‌ಪಿಟ್‌ನಲ್ಲಿ ನಾವು ಕೂರಲಾಗುವುದಿಲ್ಲ.

ಇನ್ನೊಂದು, ನನ್ನ ಮನಸ್ಸಿಗೆ ಹತ್ತಿರವಾದದ್ದು, ಬ್ರಿಟಿಷ್ ಮೂಲದ ಹಳೆಯ ಜೆಟ್ ಕ್ಯಾನ್‌ಬೆರಾ. 106ನೇ ಸ್ಕ್ವಾಡ್ರನ್‌ನ ಕ್ಯಾನ್‌ಬೆರಾಗಳು ಆಗ್ರಾದಿಂದ ಹಾರಿ 2007ರಲ್ಲಿ ನಿವೃತ್ತಿಯಾದವು. 1959ರ ಏಪ್ರಿಲ್ 10ರಂದು ಪಾಕಿಸ್ತಾನದ ಮೇಲೆ ಚಿತ್ರ ತೆಗೆಯುತ್ತಿದ್ದ ನಮ್ಮ ಒಂದು ಕ್ಯಾನ್‌ಬೆರಾವನ್ನು ಸೇಬರ್ ವಿಮಾನ ಹೊಡೆದುರುಳಿಸಿತು, ಒಳಗಿದ್ದ ಇಬ್ಬರೂ ಬದುಕಿ ಬಂದರು. ಮ್ಯಾಕ್ 3ರ ಗಡಿಬಿಡಿ ಇಲ್ಲದ ಈ ವಿಮಾನ ಕಲಿಯುವವರಿಗೆ ಬಲು ಒಳ್ಳೆಯದು. ಬೆಂಗಳೂರಿನವರು ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಒಂದು ಕ್ಯಾನ್‌ಬೆರಾವನ್ನು ಎದುರಿಗೇ ನೋಡಿ ಬನ್ನಿ. ಪರದೆಯ ಮೇಲೆ ಅದರ ಗಾತ್ರ ಅಂದಾಜಿಗೆ ಸಿಗುವುದಿಲ್ಲ.

ಯು-2ಕ್ಕೂ ಭಾರತಕ್ಕೂ ನಂಟಿದೆ. 1964ರಲ್ಲಿ ಅಮೆರಿಕದ ಯು-2 ಒಡಿಶಾದ ಚಾರ್‌ಬಾತಿಯಾದಿಂದ ಹಾರಿತ್ತು ಎಂಬುದನ್ನು 2013ರಲ್ಲಿ ಬಹಿರಂಗವಾದ ಸಿಐಎ ದಾಖಲೆಗಳು ಹೇಳುತ್ತವೆ.

ನಿಜವಾದ ಯಾವ ಹಾರಾಟಗಳನ್ನು ಮತ್ತೆ ಹಾರಿಸಬಹುದು?

ಎರಡು ಹೇಳುತ್ತೇನೆ. ಮೊದಲನೆಯದು 1962ರ ಅಕ್ಟೋಬರ್ 14. ಮೇಜರ್ ರಿಚರ್ಡ್ ಹೇಸರ್ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಿಂದ ಯು-2ರಲ್ಲಿ ಹೊರಟು, ಕ್ಯೂಬಾದ ಪಶ್ಚಿಮ ಭಾಗವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ, ಫ್ಲಾರಿಡಾದ ಮೆಕಾಯ್ ನೆಲೆಯಲ್ಲಿ ಇಳಿದರು. ಅವರು ತಂದ 928 ಚಿತ್ರಗಳಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡವು, ಜಗತ್ತು ಹದಿಮೂರು ದಿನ ಉಸಿರು ಬಿಗಿಹಿಡಿಯಿತು. ಮೆಕಾಯ್ ನೆಲೆ ಈಗ ಒರ್ಲ್ಯಾಂಡೋ ಅಂತರರಾಷ್ಟ್ರೀಯ ನಿಲ್ದಾಣ. ಅದರ ಎಂಸಿಒ ಎಂಬ ಸಂಕೇತದಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ. ಸ್ಯಾನ್ ಕ್ರಿಸ್ಟೋಬಲ್ ಊರನ್ನು ಗುರಿಯಾಗಿಟ್ಟುಕೊಳ್ಳಿ.

ಎರಡನೆಯದು 1990ರ ಮಾರ್ಚ್ 6. ಎಡ್ ಯೀಲ್ಡಿಂಗ್ ಮತ್ತು ಜೋಸೆಫ್ ವಿಡಾ ಲಾಸ್ ಏಂಜಲಿಸ್‌ನಿಂದ ವಾಷಿಂಗ್ಟನ್‌ಗೆ 64 ನಿಮಿಷ 20 ಸೆಕೆಂಡಿನಲ್ಲಿ ಹೋದರು. ಹಲವರು ಇದನ್ನು ರನ್‌ವೇಯಿಂದ ಹೊರಟ ಗಳಿಗೆಯಿಂದ ಎಣಿಸಿ ಸೋಲುತ್ತಾರೆ. ಅವರು ಪಾಮ್‌ಡೇಲ್‌ನಿಂದ ಹಾರಿ, ಪೆಸಿಫಿಕ್ ಮೇಲೆ ಇಂಧನ ತುಂಬಿಸಿಕೊಂಡು, ಪೂರ್ತಿ ವೇಗದಲ್ಲಿ ಕರಾವಳಿ ದಾಟಿ ಬಂದಿದ್ದರು. ನೀವೂ ಸಮುದ್ರದ ಮೇಲೆಯೇ ವೇಗ ಹಿಡಿದು ಬನ್ನಿ, ಗಡಿಯಾರವನ್ನು ಲಾಸ್ ಏಂಜಲಿಸ್ ದಾಟುವಾಗ ಒತ್ತಿ. ಇಳಿಯಬೇಕಾದದ್ದು ಡಲ್ಲಸ್ ನಿಲ್ದಾಣದಲ್ಲಿ. ಆ ವಿಮಾನ ಈಗಲೂ ಅಲ್ಲಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಯು-2 ಇಳಿಸಲು ಆಗುತ್ತಲೇ ಇಲ್ಲ.

ಯಾರಿಗೂ ಸುಲಭವಲ್ಲ. ಚಕ್ರಗಳು ಸೈಕಲ್ಲಿನಂತೆ ಹಿಂದೆ ಮುಂದೆ ಇವೆ, ರೆಕ್ಕೆಯಗಲ ಈಗಿನ ಮಾದರಿಯಲ್ಲಿ 31 ಮೀಟರ್, ನೆಲದ ಹತ್ತಿರ ತೇಲುತ್ತಲೇ ಇರುತ್ತದೆ. ನಿಜದಲ್ಲಿ ಇನ್ನೊಬ್ಬ ಯು-2 ಪೈಲಟ್ ಕಾರಿನಲ್ಲಿ ಹಿಂದೆಯೇ ಓಡುತ್ತ ರೇಡಿಯೋದಲ್ಲಿ ಎತ್ತರ ಹೇಳುತ್ತಿರುತ್ತಾರೆ. ನೆಲಕ್ಕೆ ಎರಡು ಅಡಿ ಇರುವಾಗ ಸ್ಟಾಲ್ ಮಾಡಿ ಕೂರಿಸಬೇಕು. ಆಮೇಲೂ ರೆಕ್ಕೆ ಸಮವಾಗಿರುವಂತೆ ಸ್ಟಿಕ್ ಆಡಿಸುತ್ತಲೇ ಇರಿ.

ಎಸ್‌ಆರ್-71 ಇಳಿಸುವುದು?

ಅದಕ್ಕಿಂತ ಸುಲಭ, ಇಂಧನ ಕಡಿಮೆ ಇದ್ದರೆ. ಇಳಿಯಲು ಬರುವಾಗ 175 ನಾಟ್, ನೆಲ ಮುಟ್ಟುವಾಗ 155. ಇಳಿಯುವಾಗ ರೆಕ್ಕೆಯಿಂದ ಚಾಚುವ ಫ್ಲಾಪ್ ಇದಕ್ಕೆ ಇಲ್ಲ, ಹುಡುಕಬೇಡಿ. ತ್ರಿಕೋನ ರೆಕ್ಕೆಯಾದ್ದರಿಂದ ಮೂಗು ಎತ್ತಿಕೊಂಡೇ ಬರುತ್ತದೆ, ನೆಲದ ಹತ್ತಿರ ಗಾಳಿಯ ಮೆತ್ತೆ ಸಿಕ್ಕಿ ತಾನೇ ಕೂರುತ್ತದೆ. ಮುಟ್ಟಿದ ಮೇಲೆ ಪ್ಯಾರಾಚೂಟ್ ಬಿಚ್ಚಿ, ಮೂಗಿನ ಚಕ್ರವನ್ನು ನಿಧಾನಕ್ಕೆ ಇಳಿಸಿ, ವೇಗ ಪೂರ್ತಿ ಸತ್ತುಹೋಗುವ ಮೊದಲೇ ಪ್ಯಾರಾಚೂಟನ್ನು ಕಳಚಿ ಬಿಡಿ. ಚಕ್ರ ನಿಂತ ಮೇಲೆ ಸ್ಕ್ರೀನ್‌ಶಾಟ್‌ಗಳ ಫೋಲ್ಡರ್ ತೆಗೆಯಿರಿ.